ಅಂಗನವಾಡಿಯ ನಲ್ಲಿ ಕೆಟ್ಟರೆ ಯಾರನ್ನು ಕೇಳಬೇಕು?

ಅಂಗನವಾಡಿಯ ನಲ್ಲಿ ಕೆಟ್ಟಿದೆ ಅಂತಿಟ್ಟುಕೊಳ್ಳಿ. ಕಾರ್ಯಕರ್ತೆ ಮೇಲ್ವಿಚಾರಕಿಗೆ ಹೇಳುತ್ತಾರೆ. ಮೇಲ್ವಿಚಾರಕಿ ಮಾಸಿಕ ವರದಿಯಲ್ಲಿ ಬರೆದು ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕಳಿಸುತ್ತಾರೆ. ಅಲ್ಲಿಂದ ‘ಕುಡಿಯುವ ನೀರು ತಮ್ಮ ವ್ಯಾಪ್ತಿಗೆ ಸೇರಿದ್ದು’ ಎಂದು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಪತ್ರ ಬರುತ್ತದೆ. ಪಿಡಿಒ ಆಸ್ತಿ ವಹಿ ತೆಗೆದು ನೋಡಿದರೆ ಆ ಕಟ್ಟಡ ಪಂಚಾಯಿತಿಯ ಲೆಕ್ಕದಲ್ಲೇ ಇರುವುದಿಲ್ಲ. ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳಿದರೆ ಬೀದಿ ಕೊಳವೆ ತನಕ ನಮ್ಮದು, ಗೋಡೆಯ ಒಳಗಿನದು ಇಲಾಖೆಯದು ಅನ್ನುತ್ತಾನೆ. ಈ ಪತ್ರ ತಿರುಗುತ್ತಿರುವಷ್ಟು ದಿನವೂ ಸಹಾಯಕಿ ಬೀದಿ ನಲ್ಲಿಯಿಂದ ಕೊಡ ಹೊರುತ್ತಾರೆ, ಅವರ ಬದಲು ಕಾರ್ಯಕರ್ತೆ ಅಡುಗೆಗೆ ನಿಲ್ಲುತ್ತಾರೆ, ಹತ್ತೂವರೆಗೆ ನಡೆಯಬೇಕಿದ್ದ ಹಾಡು ಕಥೆ ನಡೆಯುವುದಿಲ್ಲ. ಇಷ್ಟಕ್ಕೂ ಕೆಟ್ಟಿದ್ದು ಒಂದು ವಾಷರ್.

ಆರು ವರ್ಷದೊಳಗಿನ ಮಕ್ಕಳ ಆರೈಕೆ, ಕಲಿಕೆ ಎಂದಾಗ ನಮ್ಮಲ್ಲಿ ಪಠ್ಯಕ್ರಮ, ಮಾಂಟೆಸ್ಸರಿ, ಮೆದುಳಿನ ಬೆಳವಣಿಗೆ ಎಂದೆಲ್ಲ ಮಾತಾಗುತ್ತದೆ. ಹಣ ಯಾರ ಖಾತೆಯಲ್ಲಿದೆ, ಸಹಿ ಯಾರದು, ಕಟ್ಟಡ ಯಾರ ಹೆಸರಲ್ಲಿದೆ ಎಂಬುದನ್ನು ಯಾರೂ ಮಾತಾಡುವುದಿಲ್ಲ. ಊರಿನ ಅಂಗನವಾಡಿ ನಡೆಯುವುದೂ ನಿಲ್ಲುವುದೂ ಬಹುಪಾಲು ಇವುಗಳಿಂದಲೇ. ಗ್ರಾಮ ಪಂಚಾಯಿತಿ ಸದಸ್ಯರು, ಅಂಗನವಾಡಿಯ ಬಾಲವಿಕಾಸ ಸಮಿತಿಯ ತಾಯಂದಿರು, ಪಿಡಿಒಗಳು ಓದಲಿ ಎಂದು ಇದನ್ನು ಬರೆಯುತ್ತಿರುವುದು.

ಮೊದಲು ಕಾನೂನು. ಪಂಚಾಯಿತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಯಲ್ಲಿದೆ. ಅದರ ಜೊತೆಗೆ ಸಂವಿಧಾನ ಸೇರಿದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ: 11ನೆಯದು ಕುಡಿಯುವ ನೀರು, 17ನೆಯದು ಶಿಕ್ಷಣ, 25ನೆಯದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. ಪಟ್ಟಿ ನೋಡಿದರೆ ಅಂಗನವಾಡಿ ಪೂರ್ತಿ ಪಂಚಾಯಿತಿಯದೇ. ಆದರೆ 243ಜಿ ವಿಧಿ ಹೇಳುವುದು ರಾಜ್ಯ ಶಾಸಕಾಂಗ ಈ ಅಧಿಕಾರಗಳನ್ನು ಪಂಚಾಯಿತಿಗೆ ಕೊಡಬಹುದು ಅಂತ. ಇನ್ನೊಂದು ‘ಬಹುದು’ 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್‌ನಲ್ಲಿದೆ: ಮೂರು ವರ್ಷ ದಾಟಿದ ಮಕ್ಕಳಿಗೆ ಸರ್ಕಾರ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ಮಾಡಬಹುದು. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಆರರ ಒಳಗಿನವರನ್ನು 45ನೇ ವಿಧಿಯಲ್ಲಿ, ‘ರಾಜ್ಯ ಪ್ರಯತ್ನಿಸತಕ್ಕದ್ದು’ ಎಂಬ ಮಾತಿನಡಿ ಬಿಟ್ಟಿತು. ಹೀಗೆ ಊರಿನ ಅತಿ ಪುಟ್ಟ ಮಕ್ಕಳ ವಿಷಯಕ್ಕೆ ಬಂದಾಗಲೆಲ್ಲ ಕಾನೂನಿನ ಭಾಷೆ ಮೆತ್ತಗಾಗುತ್ತದೆ. ಗಟ್ಟಿ ಆಧಾರ ಬೇಕೆಂದರೆ ಎರಡು ಕಡೆ ನೋಡಬೇಕು. ಒಂದು 2013ರ ಆಹಾರ ಭದ್ರತಾ ಕಾಯ್ದೆ. ಅದರಲ್ಲಿ ಊಟ ಹಕ್ಕು. ಇನ್ನೊಂದು ಸುಪ್ರೀಂ ಕೋರ್ಟಿನ 2006ರ ಡಿಸೆಂಬರ್ 13ರ ಆದೇಶ. ಅದರ ವಿಷಯಕ್ಕೆ ಮುಂದೆ ಬರೋಣ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾಗಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂದರೆ ಯೋಜನೆ ಪಂಚಾಯಿತಿ ತಿದ್ದುಪಡಿಗಿಂತ 18 ವರ್ಷ ದೊಡ್ಡದು. ಕೇಂದ್ರ, ರಾಜ್ಯ ಇಲಾಖೆ, ಉಪನಿರ್ದೇಶಕರು, ಸಿಡಿಪಿಒ, ಮೇಲ್ವಿಚಾರಕಿ, ಕಾರ್ಯಕರ್ತೆ ಎಂಬ ಕಂಬ ಆಗಲೇ ನೆಟ್ಟಾಗಿತ್ತು. ಆಮೇಲೆ ಬಂದ ಪಂಚಾಯಿತಿ ಅದರ ಪಕ್ಕದಲ್ಲಿ ನಿಂತುಕೊಂಡಿತು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ, ಆರು ಸಾವಿರದ ಆಸುಪಾಸು ಗ್ರಾಮ ಪಂಚಾಯಿತಿಗಳಿವೆ. ನಗರದ ಕೇಂದ್ರಗಳನ್ನು ಬಿಟ್ಟರೂ ಪ್ರತಿ ಪಂಚಾಯಿತಿಗೆ ಸರಾಸರಿ ಹತ್ತರ ಹತ್ತಿರ ಬರುತ್ತದೆ. ಮೇಲ್ವಿಚಾರಕಿಯ ಲೆಕ್ಕ 25 ಕೇಂದ್ರಕ್ಕೊಬ್ಬರು. ಹುದ್ದೆ ಖಾಲಿ ಇರುವ ಕಡೆ ಇನ್ನೂ ಹೆಚ್ಚು. ದಿನಾ ನೋಡುವಷ್ಟು ಹತ್ತಿರ ಇರುವವರು ವಾರ್ಡಿನ ಸದಸ್ಯರು ಮಾತ್ರ. ಅವರಿಗೋ, ಹಾಜರಿ ಪುಸ್ತಕ ತೆಗೆದು ನೋಡುವ ಹಕ್ಕು ತಮಗಿದೆಯೇ ಎಂಬುದೇ ಅನುಮಾನ.

ಕರ್ನಾಟಕದಲ್ಲಿ ಅಧಿಕಾರ ಕೆಳಗಿಳಿಯಲೇ ಇಲ್ಲ ಎನ್ನುವುದೂ ತಪ್ಪು. 1987ರ ಜಿಲ್ಲಾ ಪರಿಷತ್ತುಗಳ ಕಾಲದಿಂದ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಪ್ರಯೋಗದಿಂದ, ಜಿಲ್ಲಾ ವಲಯದ ಹಣ ಜಿಲ್ಲೆಯ ಲೆಕ್ಕದಲ್ಲೇ ಬರುತ್ತದೆ. ಮಹಿಳಾ ಮತ್ತು ಮಕ್ಕಳ ಇಲಾಖೆಯ ಜಿಲ್ಲಾ ಕಾರ್ಯಕ್ರಮಗಳು ಜಿಲ್ಲಾ ಪಂಚಾಯಿತಿಯ ಲಿಂಕ್ ಡಾಕ್ಯುಮೆಂಟ್‌ನಲ್ಲಿ, ಅಂದರೆ ಬಜೆಟ್ ಜೊತೆ ಬರುವ ಜಿಲ್ಲಾವಾರು ಹಣ ಹಂಚಿಕೆಯ ಪುಸ್ತಕದಲ್ಲಿವೆ. ತೊಡಕು ಎರಡು. ಲಿಂಕ್ ಡಾಕ್ಯುಮೆಂಟ್‌ನಲ್ಲಿ ಪ್ರತಿ ರೂಪಾಯಿಗೂ ಶೀರ್ಷಿಕೆ ಮೇಲಿಂದಲೇ ಬರೆದು ಬರುತ್ತದೆ. ಈ ತಾಲ್ಲೂಕಿಗೆ ಕಟ್ಟಡ ಸಾಕು, ತೂಕದ ಯಂತ್ರ ಬೇಕು ಎಂದು ಜಿಲ್ಲೆ ಬದಲಿಸುವಂತಿಲ್ಲ. ಎರಡನೆಯದು, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೂರು ಮೆಟ್ಟಿಲಿನ ಏಣಿಯಲ್ಲಿ ಮೇಲಿನೆರಡು ಮೆಟ್ಟಿಲಲ್ಲಿ ಅಧಿಕಾರಿಗಳು ಮಾತ್ರ. ಸಿಡಿಪಿಒ ಕಚೇರಿ ತಾಲ್ಲೂಕಿನಲ್ಲಿದೆ, ಅಲ್ಲಿ ಕೇಳುವ ಚುನಾಯಿತ ಸಭೆ ಇಲ್ಲ.

ಗ್ರಾಮ ಪಂಚಾಯಿತಿಯ ಪಾಲಿಗೆ ನಿಜವಾಗಿ ಬಂದದ್ದು ಗೋಡೆ. ಕಟ್ಟಡ, ನೀರು, ಶೌಚಾಲಯ, ಕಾಂಪೌಂಡು, ದೀಪ. ಊಟದ ದಿನಸಿ, ಗೌರವಧನ, ನೇಮಕ, ಪಾಠ, ಮೊಬೈಲ್ ಆ್ಯಪ್ ಎಲ್ಲವೂ ಇಲಾಖೆಯವು.

ಗೋಡೆಯ ಲೆಕ್ಕವನ್ನೇ ನೋಡಿ. ಕೇಂದ್ರ ಸರ್ಕಾರದ ಅಂಗನವಾಡಿ ಯೋಜನೆಯಾದ ಪೋಷಣ್ 2.0ರ 2022ರ ಮಾರ್ಗಸೂಚಿಯಲ್ಲಿ ಹೊಸ ಅಂಗನವಾಡಿ ಕಟ್ಟಡಕ್ಕೆ 12 ಲಕ್ಷ ರೂಪಾಯಿ ಎಂದಿತ್ತು: 8 ಲಕ್ಷ ಉದ್ಯೋಗ ಖಾತ್ರಿಯಿಂದ, 2 ಲಕ್ಷ 15ನೇ ಹಣಕಾಸು ಆಯೋಗದ ಅನುದಾನದಿಂದ, 2 ಲಕ್ಷ ಮಹಿಳಾ ಮತ್ತು ಮಕ್ಕಳ ಇಲಾಖೆಯಿಂದ. ಕಾಗದದ ಮೇಲೆ ಚೆನ್ನಾಗಿದೆ. ಕೆಲಸಕ್ಕಿಳಿದರೆ ಮೂರು ಜೇಬು, ಮೂರು ಬಿಲ್ಲು. ಉದ್ಯೋಗ ಖಾತ್ರಿಯಲ್ಲಿ ಕೂಲಿ ಮತ್ತು ಸಾಮಗ್ರಿ 60:40ರ ಅನುಪಾತದಲ್ಲಿರಬೇಕಿತ್ತು. ಕಟ್ಟಡವೆಂದರೆ ಸಿಮೆಂಟು, ಕಬ್ಬಿಣ, ಇಟ್ಟಿಗೆ. ಕೂಲಿ ಕಡಿಮೆ, ಸಾಮಗ್ರಿ ಹೆಚ್ಚು. ಈ ಸಾಮಗ್ರಿ ಖರ್ಚನ್ನು ಸರಿದೂಗಿಸಬೇಕೆಂದರೆ ಬದು, ಕೆರೆ ಹೂಳು, ಟ್ರೆಂಚ್‌ನಂಥ ಮಣ್ಣಿನ ಕೆಲಸ ಸಾಕಷ್ಟು ನಡೆದಿರಬೇಕು. ಅಡಿಕೆ, ಕಾಫಿ ಸೀಮೆಯಲ್ಲಿ ಖಾತ್ರಿ ಕೆಲಸಕ್ಕೆ ಜನ ಬರುವುದೇ ಕಮ್ಮಿ, ಹಾಗಾಗಿ ಅಲ್ಲಿ ಅನುಪಾತ ಕೂಡಿಸುವುದೇ ಕಷ್ಟ. ಸಾಮಗ್ರಿ ಬಿಲ್ ತಿಂಗಳುಗಟ್ಟಲೆ ತಡವಾದರೆ ಅಂಗಡಿಯವನು ಕಬ್ಬಿಣ ಕೊಡುವುದು ನಿಲ್ಲಿಸುತ್ತಾನೆ. ಲಿಂಟಲ್ ಮಟ್ಟಕ್ಕೆ ನಿಂತ ಅಂಗನವಾಡಿ ಕಂಡರೆ ಗುತ್ತಿಗೆದಾರನನ್ನು ಬೈಯುವ ಮುನ್ನ ಮೂರು ಬಿಲ್ಲಿನಲ್ಲಿ ಯಾವುದು ನಿಂತಿದೆ ಎಂದು ಕೇಳಬೇಕು. ಕ್ರಿಯಾ ಯೋಜನೆಗೆ ಹಾಕುವಾಗಲೇ ಎಂಜಿನಿಯರ್ ಹತ್ತಿರ ಅಂದಾಜನ್ನು ಬಿಡಿಸಿ ಬರೆಸುವುದು ಒಳ್ಳೆಯದು: ತಳಪಾಯ ಮತ್ತು ಗೋಡೆ ಯಾವ ಹಣದಲ್ಲಿ, ಚಾವಣಿ ಯಾವುದರಲ್ಲಿ, ಶೌಚಾಲಯ ಮತ್ತು ನೀರು ಯಾವುದರಲ್ಲಿ. ಒಂದೇ ಚಾವಣಿಗೆ ಎರಡು ಜೇಬಿನ ಹಣ ಹಾಕಿದ ಕಡೆಯೇ ಕೆಲಸ ಹೆಚ್ಚು ನಿಲ್ಲುವುದು.

2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಹಣದಲ್ಲಿ ಶೇ 60 ನಿರ್ಬಂಧಿತವಾಗಿತ್ತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರಿಗೆ. ಸದಸ್ಯರು ಇದನ್ನು ಕೈ ಕಟ್ಟಿಹಾಕುವ ಷರತ್ತು ಎಂದು ದೂರುತ್ತಾರೆ. ಅಂಗನವಾಡಿಗೆ ಮಾತ್ರ ಇದು ವರ. ಮಕ್ಕಳ ಶೌಚಾಲಯ, ಸಂಪು, ನಲ್ಲಿ, ಮಳೆನೀರು ಕೊಯ್ಲು ಎಲ್ಲಕ್ಕೂ ನಿರ್ಬಂಧಿತ ಹಣವೇ ಸಾಕು. ಉಳಿದ ಹಣವನ್ನು ಮುಟ್ಟಬೇಕಿಲ್ಲ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆಂದು ಮೀಸಲಿಡುವ ಶೇ 5ರಲ್ಲಿ ಇಳಿಜಾರು ಹಾದಿ, ಕೈಹಿಡಿ ಮಾಡಿಸಬಹುದು. ಇಳಿಜಾರು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಜಾಗ ಇಲ್ಲವೆಂದು ಆರಡಿಯಲ್ಲಿ ಮುಗಿಸಿದರೆ ಗಾಲಿಕುರ್ಚಿ ಹತ್ತುವುದಿಲ್ಲ, ಮಕ್ಕಳ ಜಾರುಬಂಡೆ ಆಗುತ್ತದೆ.

ಮಾರ್ಗಸೂಚಿಯ ಪ್ರಕಾರ ಕಟ್ಟಡ ಕನಿಷ್ಠ 600 ಚದರಡಿ ಇರಬೇಕು: ಕೂರುವ ಕೋಣೆ, ಅಡುಗೆ ಮನೆ, ದಾಸ್ತಾನು, ಮಕ್ಕಳ ಶೌಚಾಲಯ, ಆಡಲು ಜಾಗ. ಎಂಜಿನಿಯರಿಂಗ್ ವಿಭಾಗದ ಮಾದರಿ ನಕ್ಷೆ ಇದ್ದೇ ಇರುತ್ತದೆ. ಎಡವಟ್ಟಾಗುವುದು ನಕ್ಷೆಯಲ್ಲಿ ಕಾಣದ ಎತ್ತರಗಳಲ್ಲಿ. ಮೇಸ್ತ್ರಿ ಅಭ್ಯಾಸದಂತೆ ಕರಿಹಲಗೆಯನ್ನು ಮೂರಡಿ ಮೇಲಿಂದ ಬಳಿಯುತ್ತಾನೆ. ಮೂರು ವರ್ಷದ ಮಗುವಿನ ಎತ್ತರವೇ ಸುಮಾರು ಮೂರಡಿ. ನೆಲದಿಂದ ಒಂದಡಿಗೆ ಶುರುವಾಗಿ ಮೂರಡಿಗೆ ಮುಗಿಯುವ ಪಟ್ಟಿ ಬೇಕು, ಗೋಡೆಯುದ್ದಕ್ಕೂ. ಕೈತೊಳೆಯುವ ನಲ್ಲಿ ಒಂದೂವರೆ ಅಡಿ ಎತ್ತರದಲ್ಲಿರಬೇಕು. ಶೌಚಾಲಯದ ಬೇಸಿನ್ ಮಕ್ಕಳ ಅಳತೆಯದು. ದೊಡ್ಡವರದ್ದು ಕೂರಿಸಿದರೆ ಮಗು ಹೆದರಿ ಹಿತ್ತಲಿಗೇ ಹೋಗುತ್ತದೆ, ವರ್ಷದೊಳಗೆ ಆ ಕೋಣೆ ಗೋಣಿಚೀಲದ ಉಗ್ರಾಣವಾಗುತ್ತದೆ. ಚಿಲಕ ಹೊರಗಿನಿಂದ ದೊಡ್ಡವರ ಎತ್ತರದಲ್ಲಿರಲಿ, ಒಳಗಿನಿಂದ ಬೇಡ. ಗ್ಯಾಸ್ ಸಿಲಿಂಡರ್‌ಗೆ ಗೋಡೆಯ ಹೊರಗೆ ಜಾಲರಿ ಗೂಡು ಮಾಡಿಸಿ. ಸಂಪಿನ ಮುಚ್ಚಳ ಕಬ್ಬಿಣದ್ದೂ ಬೀಗದ್ದೂ ಆಗಿರಲೇಬೇಕು. ಇದರಲ್ಲಿ ರಾಜಿ ಇಲ್ಲ.

ನಿವೇಶನದ ಕಥೆ ಬೇರೆ. ಗ್ರಾಮಠಾಣಾದಲ್ಲಿ ಜಾಗ ಇದ್ದರೆ ಪಂಚಾಯಿತಿಯ ಆಸ್ತಿ ದಾಖಲೆಯ ಇ-ಸ್ವತ್ತಿನಲ್ಲಿ ಅಂಗನವಾಡಿಯ ಹೆಸರಿಗೆ ನಮೂನೆ 9 ಮಾಡಿಸಿಕೊಂಡೇ ಅಂದಾಜಿಗೆ ಹೋಗಬೇಕು. ದಾನದ ಜಾಗವಾದರೆ ನೋಂದಾಯಿತ ದಾನಪತ್ರ ಬೇಕು. ಇಪ್ಪತ್ತು ರೂಪಾಯಿ ಛಾಪಾ ಕಾಗದದ ಒಪ್ಪಿಗೆ ಸಾಲದು. ದಾನಿ ತೀರಿಕೊಂಡ ಮೇಲೆ ಮಕ್ಕಳು ಬಂದು ‘ನಮ್ಮ ಮನೆಯ ಸೊಸೆಗೆ ಸಹಾಯಕಿ ಕೆಲಸ ಕೊಡ್ತೀವಿ ಅಂದಿದ್ರು’ ಎಂದು ಬೀಗ ಹಾಕುವುದು ಎಷ್ಟು ಕಡೆ ಆಗಿಲ್ಲ!

ಹೊಸ ಕೇಂದ್ರವೇ ಬೇಕಾದ ಕಡೆ ಮೇಲೆ ಹೇಳಿದ 2006ರ ಆದೇಶ ಕೆಲಸಕ್ಕೆ ಬರುತ್ತದೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ವಸತಿಯವರು ಕೇಳಿದ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು ಎಂದು ಅದು ಹೇಳುತ್ತದೆ. ಇಲಾಖೆಯ ಸಾಮಾನ್ಯ ಲೆಕ್ಕ ಜನಸಂಖ್ಯೆಯದು: 400ರಿಂದ 800 ಜನರಿಗೆ ಒಂದು ಕೇಂದ್ರ, 150ರಿಂದ 400ಕ್ಕೆ ಮಿನಿ ಕೇಂದ್ರ. ಬೇಡಿಕೆಯನ್ನು ಬಾಯಿಮಾತಿನಲ್ಲಿ ಸಲ್ಲಿಸಿದರೆ ಮೂರು ತಿಂಗಳ ಗಡಿಯಾರ ಶುರುವಾಗುವುದಿಲ್ಲ. ಮನೆ ಸಂಖ್ಯೆ, ಮಗುವಿನ ಹೆಸರು, ಹುಟ್ಟಿದ ದಿನಾಂಕ, ಸದ್ಯ ಹೋಗುತ್ತಿರುವ ಕೇಂದ್ರ, ಅಲ್ಲಿಗಿರುವ ದೂರ ಬರೆದ ಪಟ್ಟಿ ಮಾಡಿ, ವಾರ್ಡ್ ಸಭೆಯಲ್ಲಿ ನಿರ್ಣಯ ತೆಗೆದು, ಗ್ರಾಮಸಭೆಯ ನಡಾವಳಿಗೆ ಸೇರಿಸಿ, ಸಿಡಿಪಿಒ ಕಚೇರಿಯಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಮಲೆನಾಡಿನಲ್ಲಿ ದೂರದ ಜೊತೆ ಹಳ್ಳವನ್ನೂ ಬರೆಯಿರಿ. ಒಂದು ಕಿಲೋಮೀಟರ್ ಎಂದು ನಕ್ಷೆಯಲ್ಲಿ ಕಾಣುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಕ (ಕಾಲುಸೇತುವೆ) ದಾಟದೆ ಹೋಗಲಾರದ ಹಾದಿಯಾಗಿರುತ್ತದೆ. ಬಿಸಿಯೂಟಕ್ಕೆ ಗರ್ಭಿಣಿಯರೂ ಕೇಂದ್ರಕ್ಕೇ ಬರಬೇಕೆಂಬ ಮಾತೃಪೂರ್ಣ 2017ರಲ್ಲಿ ಬಂದಾಗ ಮಲೆನಾಡು, ಕರಾವಳಿಯಲ್ಲಿ ಹಾಜರಿ ಸೊರಗಿದ್ದಕ್ಕೆ ಈ ದೂರವೇ ಮುಖ್ಯ ಕಾರಣ. ಬಯಲುಸೀಮೆಯ ಊರನ್ನು ಮನಸ್ಸಿನಲ್ಲಿಟ್ಟು ಬರೆದ ಆದೇಶಗಳ ಹಣೆಬರಹ ಇಷ್ಟೇ.

ಇನ್ನು ಊಟ. 2017ರಲ್ಲಿ ಪರಿಷ್ಕರಿಸಿದ ಕೇಂದ್ರದ ದರದಂತೆ ದಿನಕ್ಕೆ ಮಗುವಿಗೆ 8 ರೂಪಾಯಿ, ತೀವ್ರ ಅಪೌಷ್ಟಿಕ ಮಗುವಿಗೆ 12, ಗರ್ಭಿಣಿ ಬಾಣಂತಿಗೆ 9.50, ಖರ್ಚು ಕೇಂದ್ರ ರಾಜ್ಯ ಅರ್ಧರ್ಧ, ವರ್ಷಕ್ಕೆ 300 ದಿನ. ಈ ಹಣದಲ್ಲಿ ಮೂರರಿಂದ ಆರು ವರ್ಷದ ಮಗುವಿಗೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ತಲುಪಬೇಕಿತ್ತು. ಗುತ್ತಿಗೆದಾರರಿಂದ ಆಹಾರ ಪೂರೈಕೆ ಬೇಡವೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ನಮ್ಮಲ್ಲಿ ದಿನಸಿ ಮತ್ತು ಪುಷ್ಟಿಯಂಥ ಪೌಷ್ಟಿಕ ಪುಡಿಗಳು ತಾಲ್ಲೂಕು ಮಟ್ಟದ ಮಹಿಳಾ ತಯಾರಿಕಾ ಕೇಂದ್ರಗಳಿಂದ, ಅಂದರೆ ಎಂಎಸ್‌ಪಿಟಿಸಿಗಳಿಂದ ಬರುತ್ತವೆ. ಹೆಸರು ಮಹಿಳೆಯರದು, ಊರಿನ ಪಂಚಾಯಿತಿಗೆ ಅದರ ಮೇಲೆ ಹಿಡಿತವಿಲ್ಲ. ಬೇಳೆಯಲ್ಲಿ ಹುಳ ಬಂದರೆ ಸದಸ್ಯರು ಮಾಡಬಹುದಾದದ್ದು ಒಂದೇ: ಇಳಿಸಿಕೊಳ್ಳುವಾಗಲೇ ಚೀಲದ ತೂಕ, ಬ್ಯಾಚ್ ಸಂಖ್ಯೆ, ದಿನಾಂಕ ದಾಸ್ತಾನು ವಹಿಯಲ್ಲಿ ಬರೆಸಿ, ಕೆಟ್ಟಿದ್ದರೆ ಸಹಿ ಹಾಕದೆ ವಾಪಸ್ ಕಳಿಸಲು ಕಾರ್ಯಕರ್ತೆಗೆ ಬೆನ್ನಾಗಿ ನಿಲ್ಲುವುದು. ಅವರೊಬ್ಬರೇ ನಿಂತರೆ ನೋಟಿಸ್ ಬರುವುದು ಅವರಿಗೇ.

ಬಾಲವಿಕಾಸ ಸಮಿತಿಯ ಹಿಡಿತ ಕಾಣುವುದು ಮೊಟ್ಟೆ ತರಕಾರಿಯಲ್ಲಿ. ಕಾರ್ಯಕರ್ತೆ ಮತ್ತು ಸಮಿತಿ ಅಧ್ಯಕ್ಷೆಯ ಜಂಟಿ ಖಾತೆಗೆ ಹಣ ಬರುತ್ತದೆ, ಖರೀದಿ ಊರಲ್ಲೇ. ಒಂದು ಕೇಂದ್ರದಲ್ಲಿ 30 ಮಕ್ಕಳಿಗೆ ವಾರಕ್ಕೆ ಎರಡರಂತೆ ತಿಂಗಳಿಗೆ 240 ಮೊಟ್ಟೆ. ಹತ್ತು ಜನ ಗರ್ಭಿಣಿ ಬಾಣಂತಿಯರಿಗೆ ತಿಂಗಳಿಗೆ 25ರಂತೆ 250. ಒಟ್ಟು 490, ಮೂವತ್ತರ ಟ್ರೇ ಲೆಕ್ಕದಲ್ಲಿ ಹದಿನಾರೂ ಚಿಲ್ಲರೆ. ಸರ್ಕಾರ ಗೊತ್ತುಮಾಡಿದ ದರಕ್ಕಿಂತ ಸಂತೆಯ ದರ ಒಂದೇ ರೂಪಾಯಿ ಹೆಚ್ಚಿದ್ದರೂ ತಿಂಗಳಿಗೆ 490 ರೂಪಾಯಿ ಕಾರ್ಯಕರ್ತೆಯ ಕೈಯಿಂದ. ಹಣ ಎರಡು ತಿಂಗಳು ತಡವಾದರೆ ಅಂಗಡಿಯಲ್ಲಿ ಉದ್ದರಿ. ಅಲ್ಲಿಂದ ಮುಂದೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು: ಮೊಟ್ಟೆ ಸಣ್ಣದಾಗುತ್ತದೆ, ವಾರಕ್ಕೆರಡು ಒಂದಾಗುತ್ತದೆ, ವಹಿಯಲ್ಲಿ ಎರಡೇ ಇರುತ್ತದೆ. ಅದನ್ನು ಕಳ್ಳತನ ಅಂತ ಕರೆಯುವ ಮೊದಲು ಬಾಕಿ ಎಷ್ಟಿದೆ ನೋಡಬೇಕು. ಮೊಟ್ಟೆ ಹಳೆಯದೋ ಎಂಬ ತಕರಾರು ಬಂದರೆ ಬಕೆಟ್ ನೀರಿಗೆ ಹಾಕಿ. ತಾಜಾ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ತೇಲಿದ್ದನ್ನು ಬೇಯಿಸಬೇಡಿ.

ಈ ಜಂಟಿ ಖಾತೆ ನಿಂತುಹೋಗುವುದಕ್ಕೆ ಸಾಮಾನ್ಯ ಕಾರಣ ಹಣವಲ್ಲ, ಸಹಿ. ಅಧ್ಯಕ್ಷೆಯ ಮಗು ಒಂದನೇ ತರಗತಿಗೆ ಹೋಗುತ್ತದೆ, ಅವರು ಸಮಿತಿಯಿಂದ ಹೊರಗೆ. ಇಲ್ಲವೇ ಸಂಸಾರ ಬೆಂಗಳೂರಿಗೆ ಗುಳೆ. ಬ್ಯಾಂಕಿನಲ್ಲಿ ಹಳೆಯ ಸಹಿಯೇ ಇರುತ್ತದೆ. ಹೊಸ ಅಧ್ಯಕ್ಷೆಯ ಆಯ್ಕೆಯ ನಡಾವಳಿ, ಇಬ್ಬರ ಆಧಾರ್, ಫೋಟೊ, ಕೆವೈಸಿ ಒಟ್ಟಿಗೆ ಒಯ್ದರೆ ಬೇಗ ಮುಗಿಯುವ ಕೆಲಸ, ಒಂದು ಕಾಗದ ಬಿಟ್ಟರೆ ತಿಂಗಳು ಹಿಡಿಯುತ್ತದೆ. ಅಧ್ಯಕ್ಷೆಯಾಗಿ ಎರಡು ವರ್ಷದೊಳಗಿನ ಮಗು ಇರುವ ತಾಯಿಯನ್ನು ಆರಿಸಿದರೆ ಅವರು ಇನ್ನಷ್ಟು ಕಾಲ ಉಳಿಯುತ್ತಾರೆ.

ತೂಕ ಎತ್ತರಕ್ಕೆ ಬರೋಣ. ಪಂಚಾಯಿತಿ ಸಭೆಯಲ್ಲಿ ‘ನಮ್ಮಲ್ಲಿ ತೀವ್ರ ಅಪೌಷ್ಟಿಕ ಮಕ್ಕಳು ಸೊನ್ನೆ’ ಎಂದರೆ ಎಲ್ಲರೂ ಸಮಾಧಾನದಿಂದ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಕೇಳಬೇಕಾದದ್ದು, ಎಷ್ಟು ಮಕ್ಕಳನ್ನು ಈ ತಿಂಗಳು ನಿಜವಾಗಿ ಅಳೆದಿರಿ ಎಂದು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಎರಡು ದಾಟಿದವರನ್ನು ನಿಲ್ಲಿಸಿ ಎತ್ತರ. ಮಲಗಿಸಿದಾಗ ಸುಮಾರು 0.7 ಸೆಂಟಿಮೀಟರ್ ಹೆಚ್ಚು ಬರುತ್ತದೆ. ಮೂರು ವರ್ಷದ ಮಗುವನ್ನು ಮಲಗಿಸಿ ಅಳೆದು ಹಾಗೇ ಆ್ಯಪ್‌ಗೆ ಹಾಕಿದರೆ, ಎತ್ತರ ಹೆಚ್ಚು ಎಂದುಕೊಂಡು ಅದು ಆ ಮಗುವನ್ನು ಇರುವುದಕ್ಕಿಂತ ತೆಳ್ಳಗೆ ತೋರಿಸುತ್ತದೆ. ನೇತಾಡುವ ತಕ್ಕಡಿಯಲ್ಲಿ ಚಡ್ಡಿ ಕಟ್ಟಿ, ಮುಳ್ಳನ್ನು ಸೊನ್ನೆಗೆ ತಂದು, ಆಮೇಲೆ ಮಗುವನ್ನು ಕೂರಿಸಬೇಕು. ತೋಳಿನ ಪಟ್ಟಿಯನ್ನು ಎಡತೋಳಿನಲ್ಲಿ, ಭುಜದ ತುದಿ ಮತ್ತು ಮೊಣಕೈ ತುದಿಯ ನಡುವೆ ಗುರುತು ಮಾಡಿ, ಕೈ ಸಡಿಲ ಬಿಟ್ಟಾಗ ಸುತ್ತಬೇಕು: 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ (ಕೆಂಪು), 12.5ರ ಒಳಗಿದ್ದರೆ ಮಧ್ಯಮ ಅಪೌಷ್ಟಿಕತೆ (ಹಳದಿ). ಪಟ್ಟಿ ಸಡಿಲವಾದರೆ ಕೆಂಪು ಮಗು ಹಳದಿಯಾಗುತ್ತದೆ. ಕಾಲಲ್ಲಿ ಊತವಿದ್ದರೆ ತೂಕ ಎಷ್ಟೇ ಇರಲಿ, ಆಸ್ಪತ್ರೆಗೆ. ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ತಾಯಿ ಜೊತೆಗಿರಬೇಕು. ತಾಯಂದಿರು ಹೋಗದಿರುವುದು ಅಜ್ಞಾನದಿಂದಲ್ಲ. ಮನೆಯಲ್ಲಿ ಇನ್ನೊಂದು ಮಗುವಿಗೆ, ಕರು ಕುರಿಗೆ ಯಾರು ಎಂಬ ಚಿಂತೆಯಿಂದ. ಇದನ್ನು ಬಗೆಹರಿಸುವ ಶಕ್ತಿ ತಾಲ್ಲೂಕು ಕಚೇರಿಗಿಲ್ಲ, ವಾರ್ಡಿನ ಸದಸ್ಯೆಗಿದೆ. ತಕ್ಕಡಿ ರಿಪೇರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ ಬರುವ 10 ಸಾವಿರ ರೂಪಾಯಿಯ ಮುಕ್ತ ಹಣವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಕಲಿಕೆಯ ಹೊತ್ತು ಎಲ್ಲಿ ಹೋಗುತ್ತದೆ? 2023ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ‘ಪೋಷಣ್ ಭಿ ಪಢಾಯಿ ಭಿ’ ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಕಲಿಕೆ ಬೇಕೆನ್ನುತ್ತದೆ. ಅದರ ಆಧಾರಶಿಲಾ ಪಠ್ಯಕ್ರಮ 48 ವಾರಗಳದು. ನಮ್ಮ ರಾಜ್ಯದ್ದೇ ಆದ ಚಿಲಿಪಿಲಿ ಪಠ್ಯಕ್ರಮ ಮೊದಲಿನಿಂದ ಇದೆ, ಕಾರ್ಯಕರ್ತೆಯರಿಗೆ ಬಾಯಿಪಾಠ. ಕೊರತೆ ಪುಸ್ತಕದ್ದಲ್ಲ. ನೀರು, ಅಡುಗೆ, ಆ್ಯಪ್‌ನಲ್ಲಿ ಹಾಜರಿ, ಮನೆಗೆ ಕೊಡುವ ಆಹಾರಕ್ಕೆ ಮುಖ ಗುರುತು, ಮತಗಟ್ಟೆ ಕೆಲಸ, ಸರ್ವೆ: ಇವೆಲ್ಲ ಅದೇ ಎರಡು ಗಂಟೆಯ ಮೇಲೆ ಬಂದು ಕೂರುತ್ತವೆ. ಪಂಚಾಯಿತಿ ಮಾಡಬಹುದಾದದ್ದು ಸಣ್ಣದು, ಆದರೆ ಬೇರೆ ಯಾರೂ ಮಾಡಲಾರದ್ದು. ತನ್ನ ಸರ್ವೆಗಳನ್ನು ಮಧ್ಯಾಹ್ನ ಮೂರರ ನಂತರಕ್ಕೆ ಇಟ್ಟುಕೊಳ್ಳುವುದು, ಸಭೆಗಳಿಗೆ ಬೆಳಿಗ್ಗೆ ಕರೆಯದಿರುವುದು. ಆಟಿಕೆಗೆ ಹಣ ಇದ್ದರೆ ಪ್ಲಾಸ್ಟಿಕ್ ಉಯ್ಯಾಲೆಗಿಂತ ಮರದ ತುಂಡುಗಳು, ಮರಳಿನ ತೊಟ್ಟಿ, ದೊಡ್ಡ ಚಿತ್ರದ ಪುಸ್ತಕ ಒಳ್ಳೆಯವು. ಹುಣಸೆ ಬೀಜ, ಹೊಂಗೆ ಬೀಜ ಎಣಿಕೆಗೆ ಚೆನ್ನ, ಆದರೆ ಮೂರು ವರ್ಷದೊಳಗಿನ ತಮ್ಮ ತಂಗಿ ಜೊತೆಗೆ ಬಂದಿದ್ದರೆ ಹೊರತೆಗೆಯಬೇಡಿ, ಗಂಟಲಿಗೆ ಸಿಗುತ್ತವೆ.

ಮೇಲಿನ ಇಲಾಖೆಗಳ ಜಗಳವೂ ಇಲ್ಲಿಗೇ ಬಂದು ಬೀಳುತ್ತದೆ. ಶಾಲಾ ಶಿಕ್ಷಣ ಇಲಾಖೆ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಯುಕೆಜಿ ತೆರೆದಾಗ, ಮೂರು ದಾಟಿದ ಮಕ್ಕಳು ಅತ್ತ ಹೋದರೆ ನಮ್ಮ ಕೇಂದ್ರ ಉಳಿಯುವುದು ಹೇಗೆ ಎಂದು 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ಎರಡೂ ಒಂದೇ ಆವರಣದಲ್ಲಿರುವ ಊರುಗಳೂ ಇವೆ; ಅಲ್ಲಿಯ ಪಂಚಾಯಿತಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಪಂಚಾಯಿತಿ ತಾನೇ ನಡೆಸುವ ಒಂದು ಸೇವೆ ಇದೆ: ಕೂಸಿನ ಮನೆ. 2023-24ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆಂದು ಶುರುವಾಯಿತು. ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲಲ್ಲಿ ನೋಡಿಕೊಳ್ಳಲು. ಉದ್ಯೋಗ ಚೀಟಿ ಇರುವ ಮಹಿಳೆಯರಿಗೇ ತರಬೇತಿ ಕೊಟ್ಟು, ಖಾತ್ರಿ ಕೂಲಿಯಲ್ಲೇ ಆರೈಕೆಗೆ ನಿಲ್ಲಿಸುವ ಏರ್ಪಾಡು. ಆ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಕಲ್ಪನೆ ಸೊಗಸಾದದ್ದು. ತೊಡಕು ಅದರ ಹೊಲಿಗೆಯಲ್ಲೇ ಇದೆ. ಆಗ ಖಾತ್ರಿಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಮಾತ್ರ ಇತ್ತು, ಆದ್ದರಿಂದ ಆರೈಕೆದಾರರು ಸರದಿಯಲ್ಲಿ ಬದಲಾಗುವ ಏರ್ಪಾಡಾಯಿತು. ಲೆಕ್ಕಕ್ಕೆ ಅದು ಸರಿ. ಹತ್ತು ತಿಂಗಳ ಕೂಸಿಗೆ ಸರಿಯಲ್ಲ. ಒಂದು ಮುಖಕ್ಕೆ, ಒಂದು ಮಡಿಲಿಗೆ ಒಗ್ಗಿ ಅಳು ನಿಲ್ಲಿಸುವ ಹೊತ್ತಿಗೆ ಆ ಮುಖ ಹೋಗಿ ಇನ್ನೊಂದು ಬಂದಿರುತ್ತದೆ. ಸರದಿಯನ್ನು ತುಂಡು ತುಂಡಾಗಿ ಹಂಚದೆ, ಇಬ್ಬರಲ್ಲಿ ಒಬ್ಬರು ಮಾತ್ರ ಒಂದು ಸಲಕ್ಕೆ ಬದಲಾಗುವಂತೆ ಮಾಡಿದರೆ, ಹಳಬರು ಹೊಸಬರು ಕೆಲ ದಿನ ಜೊತೆಗಿದ್ದರೆ, ಅಷ್ಟರಮಟ್ಟಿಗೆ ವಾಸಿ. ಹಣ ಉಳಿದಿದ್ದರೆ ಒಬ್ಬರನ್ನಾದರೂ ಸ್ವಂತ ಸಂಪನ್ಮೂಲದಲ್ಲಿ ಕಾಯಂ ಇಟ್ಟುಕೊಳ್ಳುವುದು ಇನ್ನೂ ಉತ್ತಮ. ಇನ್ನೊಂದು ಗೊಂದಲ: ಕೂಸಿನ ಮನೆ ಗ್ರಾಮೀಣಾಭಿವೃದ್ಧಿ ಇಲಾಖೆಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಮೂರರೊಳಗಿನ ಮಗುವಿನ ಪಾಲಿನ ಆಹಾರ ಅಂಗನವಾಡಿಯಿಂದ ಮನೆಗೆ ಹೋಗುತ್ತದೆ, ಮಗು ಹಗಲಿಡೀ ಕೂಸಿನ ಮನೆಯಲ್ಲಿರುತ್ತದೆ. ಎರಡು ವಹಿಯಲ್ಲೂ ಹೆಸರಿರುವ ಮಗುವಿನ ತೂಕ ಎರಡರಲ್ಲೂ ಇಲ್ಲದಿರುವುದು ಸಾಧ್ಯ. ತಿಂಗಳಿಗೊಮ್ಮೆ ಎರಡೂ ವಹಿ ಪಕ್ಕದಲ್ಲಿಟ್ಟು ಹೆಸರು ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ.

ಹಾಗಾದರೆ ಎಲ್ಲವನ್ನೂ ಪಂಚಾಯಿತಿಗೆ ಕೊಟ್ಟುಬಿಡಬೇಕೇ? ಪಕ್ಕದ ಕೇರಳ ಹೆಚ್ಚುಕಮ್ಮಿ ಹಾಗೆ ಮಾಡಿದೆ. ತೊಂಬತ್ತರ ದಶಕದ ಮಧ್ಯದಲ್ಲೇ ಅಂಗನವಾಡಿಗಳು ಗ್ರಾಮ ಪಂಚಾಯಿತಿಗೆ ಬಂದವು; ಪೂರಕ ಆಹಾರದ ಹೊಣೆ ಸ್ಥಳೀಯ ಸಂಸ್ಥೆಗಳ ಯೋಜನಾ ಹಣದ ಮೇಲೆ; ಐಸಿಡಿಎಸ್ ಮೇಲ್ವಿಚಾರಕಿಯೇ ಪಂಚಾಯಿತಿಯ ಅನುಷ್ಠಾನಾಧಿಕಾರಿ. ಅಲ್ಲಿ ಇದು ನಡೆದದ್ದಕ್ಕೆ ಕಾರಣ 1996ರ ಜನಯೋಜನೆ, ಅಂದರೆ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳೇ ಮಾಡುವ ಅಭಿಯಾನ: ಜವಾಬ್ದಾರಿಯ ಜೊತೆಗೆ ಹಣವೂ ಇಳಿಯಿತು, ಅದೂ ಬಹುಪಾಲು ಶೀರ್ಷಿಕೆ ಕಟ್ಟದೆ. ಹಣವಿಲ್ಲದೆ ಜವಾಬ್ದಾರಿ ಮಾತ್ರ ಬಂದರೆ ನಮ್ಮ ಪಂಚಾಯಿತಿಗಳು ಬೀದಿದೀಪದ ಬಾಕಿಯ ಜೊತೆ ಮೊಟ್ಟೆಯ ಬಾಕಿಯನ್ನೂ ಹೊರುತ್ತವೆ. ನೇಮಕವನ್ನಂತೂ ಸದಸ್ಯರ ಕೈಗೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾದಿನಿ, ಸೊಸೆ, ಬೂತಿನ ಲೆಕ್ಕ ಬರುವುದು ಅಲ್ಲೇ. ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು; ಆ ಹೊಣೆ ಹೊರಲು ಉದ್ಯೋಗದಾತ ರಾಜ್ಯವೇ ಆಗಿರುವುದು ಒಳ್ಳೆಯದು. ರಿಪೇರಿ, ತರಕಾರಿ, ಮೊಟ್ಟೆ, ಆಟಿಕೆಯ ಹಣ ಪಂಚಾಯಿತಿಗೆ. ಗೌರವಧನ, ತರಬೇತಿ, ದಿನಸಿಯ ಗುಣಮಟ್ಟದ ಹೊಣೆ ಮೇಲಕ್ಕೆ. ಗೆರೆ ಎಳೆಯಬೇಕಾದದ್ದು ಇಲ್ಲಿ.

ಪಟ್ಟಣಗಳ ಸ್ಥಿತಿ ಇನ್ನೂ ಕಷ್ಟ. ಪುರಸಭೆ, ನಗರಸಭೆಗಳಿಗಾಗಿ ಬಂದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇಲ್ಲವೇ ಇಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ನಡೆಯುವ ಕೊಳೆಗೇರಿಯ ಅಂಗನವಾಡಿ ಬಗ್ಗೆ ವಾರ್ಡಿನ ಸದಸ್ಯರನ್ನು ಕೇಳಿದರೆ ಅದು ನಮ್ಮದಲ್ಲ ಅಂದರೆ, ಕಾನೂನಿನ ಮಟ್ಟಿಗೆ ಅವರು ಸುಳ್ಳು ಹೇಳುತ್ತಿಲ್ಲ.

ಹಳ್ಳಿಯಲ್ಲಿ ಇಂದೇ ಮಾಡಬಹುದಾದದ್ದು ಎರಡು. ಮೂರು ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿ ಮಟ್ಟದ ಕೆಡಿಪಿ ಸಭೆ (ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲನೆ) ಇರುತ್ತದೆ, ಮೇಲ್ವಿಚಾರಕಿ ಬರಲೇಬೇಕು. ‘ಅಂಗನವಾಡಿ ಪ್ರಗತಿ ಪರಿಶೀಲನೆ’ ಎಂದು ಒಂದು ಸಾಲು ಬರೆದು ಮುಗಿಸದೆ, ಕೇಂದ್ರವಾರು ಐದು ಅಂಕಿ ಓದಿಸಿ: ದಾಖಲಾದ ಮಕ್ಕಳು, ಕಳೆದ ತಿಂಗಳು ಸರಾಸರಿ ಹಾಜರಿ, ಅಳತೆ ಆದ ಮಕ್ಕಳು, ಜಂಟಿ ಖಾತೆಗೆ ಕೊನೆಯ ಹಣ ಬಂದ ದಿನಾಂಕ, ನೀರು ಬಾರದ ದಿನಗಳು. ಹಾಜರಿಗಿಂತ ಮೊಟ್ಟೆ ಹೆಚ್ಚು ಖರ್ಚಾದ ಕೇಂದ್ರ, ಅಳತೆ ಆಗದೆ ಆರೋಗ್ಯವಂತವಾದ ಕೇಂದ್ರ ಈ ಪಟ್ಟಿಯಲ್ಲಿ ತಾನಾಗಿ ಕಾಣುತ್ತದೆ.

ಎರಡನೆಯದು ಆ ವಾಷರ್. ಏಪ್ರಿಲ್ ಸಭೆಯಲ್ಲೇ ಒಂದು ನಿರ್ಣಯ ತೆಗೆದಿಟ್ಟುಕೊಳ್ಳಿ, ಹೀಗೆ: ‘ವ್ಯಾಪ್ತಿಯ ಎಲ್ಲ ಅಂಗನವಾಡಿ ಕೇಂದ್ರಗಳ ನಲ್ಲಿ, ದೀಪ, ಚಿಲಕ, ಶೌಚಾಲಯ ಮತ್ತು ಚಾವಣಿ ಸೋರಿಕೆಯ ಸಣ್ಣ ದುರಸ್ತಿಗೆ, ಕಟ್ಟಡದ ಮಾಲೀಕತ್ವ ಯಾರದೇ ಇರಲಿ, ಸ್ವಂತ ಸಂಪನ್ಮೂಲದಿಂದ ಕೇಂದ್ರವೊಂದಕ್ಕೆ ವಾರ್ಷಿಕ 2,000 ರೂಪಾಯಿ ಮೀರದಂತೆ ವೆಚ್ಚ ಭರಿಸಲು, ಕಾರ್ಯಕರ್ತೆಯ ಲಿಖಿತ ಕೋರಿಕೆ ಬಂದ ಮೂರು ದಿನದೊಳಗೆ ಕೆಲಸ ಮಾಡಿಸಲು ಪಿಡಿಒ ಅವರಿಗೆ ಅಧಿಕಾರ ನೀಡಿ ತೀರ್ಮಾನಿಸಲಾಯಿತು.’ ಹತ್ತು ಕೇಂದ್ರಕ್ಕೆ ವರ್ಷಕ್ಕೆ 20 ಸಾವಿರ. ನಡಾವಳಿಯ ಪ್ರತಿಯನ್ನು ಪ್ರತಿ ಕೇಂದ್ರದ ಗೋಡೆಗೆ ಅಂಟಿಸಿ, ಕೆಳಗೆ ನೀರುಗಂಟಿಯ ಮತ್ತು ಎಲೆಕ್ಟ್ರಿಷಿಯನ್‌ನ ಫೋನ್ ನಂಬರ್ ಬರೆಸಿ. ಮುಂಗಾರು ಹಿಡಿಯುವ ಮುನ್ನ, ಮೇ ಕೊನೆಯೊಳಗೆ, ಯಾರಾದರೊಬ್ಬರು ಚಾವಣಿ ಹತ್ತಿ ನೀರಿನ ಕೊಳವೆಯಲ್ಲಿ ತುಂಬಿದ ಎಲೆ ತೆಗೆಯಲಿ.